ಮರಳಿ ಬಂದವರ ಪುಟ

ನಂಜನಗೂಡು
14 ನವೆಂಬರ್ 2025, ಶುಕ್ರವಾರ

ಲಿಖಿತಾಳ ಅಪ್ಪನಿಗೆ,

ಕಾಗದ ನೋಡಿ ಜಗಳಕ್ಕೆ ಬಂದಳು ಎಂದುಕೊಳ್ಳಬೇಡಿ. ಮನೆಗೆ ಬನ್ನಿ ಎಂದು ಕರೆಯುವುದಕ್ಕೂ ನಾನು ಬರೆಯುತ್ತಿಲ್ಲ. ನೀವು ಫೋನ್ ಆಫ್ ಮಾಡಿಟ್ಟಿದ್ದೀರಿ. ನೀವು ಹೋಗಿ ಕೂತಿರುವ ನರಸೀಪುರದ ಅತ್ತಿಗೆಗೆ ಫೋನ್ ಮಾಡಿದರೆ, ಯಾವಾಗ ಕೇಳಿದರೂ ‘ಮಲಗವ್ನೆ ಕಣಮ್ಮ’ ಎನ್ನುತ್ತಾರೆ. ಹಗಲೆಲ್ಲ ಮಲಗುವ ಗಂಡಸನ್ನು ನಾನು ಮದುವೆಯಾಗಿರಲಿಲ್ಲ. ನಿಮ್ಮ ಜೊತೆ ತಾಂಡ್ಯದ ಫ್ಯಾಕ್ಟರಿಯಲ್ಲಿರುವ ಮಾದು ದಿನಾ ಅಲ್ಲಿಂದಲೇ ಓಡಾಡುತ್ತಾನಲ್ಲ, ಸಂಜೆ ಶಿಫ್ಟ್ ಮುಗಿಸಿ ಹೋಗುವಾಗ ಇದನ್ನು ನಿಮ್ಮ ಕೈಗೇ ಕೊಡುತ್ತಾನೆ.

ನನಗೆ ಬೇಕಾಗಿರುವುದು ಒಂದೇ. ಮಗಳ ಆಲ್ಬಮ್ಮಿನಿಂದ ತೆಗೆದುಕೊಂಡು ಹೋದಿರಲ್ಲ, ಆ ಗಗಾರಿನ್ ನಾಣ್ಯ. ಅದನ್ನು ಮಾದು ಕೈಯಲ್ಲಿ ಕಳಿಸಿಕೊಡಿ. ಭಾನುವಾರ ಅವಳನ್ನು ಮೈಸೂರಿನಲ್ಲಿ ಅಡ್ಮಿಟ್ ಮಾಡಬೇಕು, ಸೋಮವಾರ ಆಪರೇಷನ್. ಕಡೇ ಕಾರ್ತಿಕ ಸೋಮವಾರ ಸಿಕ್ಕಿತೆಂದು ಅತ್ತೆಗೆ ಒಂದಿಷ್ಟು ಧೈರ್ಯ ಬಂದಿದೆ. ಆದರೆ ಲಿಖಿತಾ ಹಟ ಹಿಡಿದು ಕೂತಿದ್ದಾಳೆ. ಅಪ್ಪನ ಹತ್ತಿರ ಇರುವ ಆ ನಾಣ್ಯ ಮನೆಗೆ ಬರುವವರೆಗೂ ಹೊಸಿಲು ದಾಟುವುದಿಲ್ಲವಂತೆ.

ಹನ್ನೊಂದು ವರ್ಷದ ಹುಡುಗಿ, ಎತ್ತಿಕೊಂಡು ಹೋಗು ಎನ್ನುತ್ತೀರೇನೋ. ಅವಳನ್ನು ಅಳಿಸಬೇಡಿ ಎಂದು ಡಾಕ್ಟರು ಹೇಳಿದ್ದು ನಿಮ್ಮ ಎದುರಿಗೇ. ಮೊನ್ನೆ ನಾನು ಒಂದು ಮಾತು ಜೋರಾಗಿ ಆಡಿದೆ. ಅಳುವುದಕ್ಕೆ ಶುರುಮಾಡಿದಳು, ತುಟಿ ನೇರಳೆಹಣ್ಣು ತಿಂದವರ ಹಾಗಾಯಿತು. ಆಮೇಲೆ ನಾನೇ ಅವಳ ಕಾಲು ಹಿಡಿದುಕೊಂಡು ಕೂತೆ. ಹೃದಯದ ತೂತು ಹಾಗೇ ಬಿಟ್ಟರೆ ಮುಂದೆ ಆಪರೇಷನ್ ಮಾಡುವುದಕ್ಕೂ ಬರುವುದಿಲ್ಲ ಎಂದಿದ್ದಾರೆ. ಇನ್ನೊಂದು ತಾರೀಕು ಕೇಳುವ ಹಾಗಿಲ್ಲ. ಬೇಡಿಕೊಂಡು ನೋಡಿದೆ, ಗದರಿ ನೋಡಿದೆ, ಮೈಸೂರಿನಲ್ಲಿ ಬೇರೆ ನಾಣ್ಯ ಕೊಡಿಸುತ್ತೇನೆಂದು ಸುಳ್ಳೂ ಹೇಳಿದೆ. ನನ್ನ ಬತ್ತಳಿಕೆಯಲ್ಲಿ ಇನ್ನೇನೂ ಉಳಿದಿಲ್ಲ.

ನಿಮ್ಮ ಈ ನಾಣ್ಯದ ಹುಚ್ಚು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಬೇರೆಯವರು ಊರೂರಿನ ರಾಜರ ನಾಣ್ಯ ಕೂಡಿಸುತ್ತಾರೆ. ನಿಮಗಿಬ್ಬರಿಗೂ ಆಕಾಶಕ್ಕೆ ಹಾರಿದವರ ನಾಣ್ಯಗಳೇ ಆಗಬೇಕು. ಅಂಗಡಿಯಲ್ಲಿ ನಡೆಯದ ದುಡ್ಡನ್ನು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ ಎಂದು ನಾನು ಹಂಗಿಸಿದಾಗ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದಿರಿ. ಚಂದ್ರನ ಮೇಲೆ ಇಳಿದವರ ನಾಣ್ಯ, ಆ ಒಳಕ್ಕೆ ಬಾಗಿ ಬೂಟಿನ ಗುರುತು ಮೂಡಿದೆಯಲ್ಲ, ಅದನ್ನು ಅತ್ತೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹುಣಸೆಹುಳಿ ಹಾಕಿ ತಿಕ್ಕಿ ಲಕ್ಷ್ಮಿಯ ಮುಂದೆ ಇಟ್ಟ ದಿನ ನಿಮ್ಮ ಮುಖ ನೋಡಬೇಕಿತ್ತು. ಕೂಡಿಟ್ಟ ನಾಣ್ಯ ತೊಳೆಯಬಾರದು, ಮೈ ಮುಟ್ಟಬಾರದು, ಅಂಚು ಹಿಡಿದು ಎತ್ತಬೇಕು ಎಂದು ನೀವು ಪಾಠ ಮಾಡಿದಿರಿ. ‘ಕೊಳೇಲಿ ಮಡಗಿದ್ರೆ ಲಕ್ಷ್ಮಿ ನಿಂತಾಳೇನ್ಲಾ ಗುರು’ ಎಂದು ಅವರು ನಿಮಗೇ ಬೈದರು. ಮನೆಯಲ್ಲಿ ಕಡೆಯ ಸಲ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೇ ಇರಬೇಕು.

ನೀವು ಹೋದ ಮೇಲೆ ಆಲ್ಬಮ್ ಬಿಡಿಸಿ ನೋಡಿದೆ. ಅವಳು ಅದನ್ನು ದೇಶದ ಪ್ರಕಾರ ಜೋಡಿಸಿಲ್ಲ, ಇಸವಿ ಪ್ರಕಾರವೂ ಇಲ್ಲ. ಒಂದು ಪುಟ ಮರಳಿ ಬಂದವರದು, ಎದುರಿನ ಪುಟ ಬರದೇ ಹೋದವರದು. ರಾಕೆಟ್ಟಿನಲ್ಲಿ ಹೋಗಿ ಅಲ್ಲೇ ಸತ್ತ ಆ ಪಾಪದ ನಾಯಿಯ ನಾಣ್ಯ ಎದುರಿನ ಪುಟದಲ್ಲಿದೆ. ಬಂದವರ ಪುಟದಲ್ಲಿ ಮೊದಲ ಜಾಗ ಎಲ್ಲರಿಗಿಂತ ಮೊದಲು ಹಾರಿ ಮರಳಿದ ಗಗಾರಿನ್‌ದು, ಈಗ ಅದು ಖಾಲಿ. ನಾನು ನೋಡುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು, ‘ಅಮ್ಮ, ನನ್ನ ಯಾವ ಪುಟಕ್ಕೆ ಹಾಕ್ತೀಯ?’ ಎಂದು ಕೇಳಿದಳು. ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳುವ ಹಾಗೆಯೇ ಕೇಳಿದಳು. ನಾನು ಹಾಲು ಉಕ್ಕುತ್ತೆ ಎಂದು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ನಿಮ್ಮ ಹೆದರಿಕೆ ನನಗೆ ಗೊತ್ತಿಲ್ಲದೆ ಇಲ್ಲ. ಮಾವನವರ ಆಪರೇಷನ್‌ಗೆ ನೀವೇ ಸಹಿ ಹಾಕಿದ್ದಿರಿ. ಒಳಗೆ ಹೋದವರು ಮಾತಾಡುವ ಸ್ಥಿತಿಯಲ್ಲಿ ಹೊರಗೆ ಬರಲಿಲ್ಲ. ಅವತ್ತಿನಿಂದ ಆ ಸಹಿಯೇ ಅವರ ಜೀವ ತೆಗೆಯಿತು ಎಂದು ನಂಬಿಕೊಂಡಿದ್ದೀರಿ. ಅದಕ್ಕೇ ಮೈಸೂರಿನಲ್ಲಿ ಡಾಕ್ಟರು ಪೆನ್ನು ಕೊಟ್ಟಾಗ ನೀವು ಸಹಿ ಹಾಕಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಹೋದಿರಿ. ಮಾರನೇ ದಿನ ಬ್ಯಾಗ್ ಹಿಡಿದು ‘ಹೋಗ್ತೀನಿ’ ಎಂದಿರಿ. ಬರ್ತೀನಿ ಎನ್ನಲಿಲ್ಲ. ಅತ್ತೆ ಒಳಗಿನಿಂದ ‘ಬತ್ತೀನಿ ಅನ್ಲಾ’ ಎಂದು ಕೂಗಿದರು. ನೀವು ತಿರುಗಿಯೂ ನೋಡಲಿಲ್ಲ. ಮಗಳು ಬಾಗಿಲಲ್ಲೇ ನಿಂತಿದ್ದಳು, ಅವಳು ನಿಮ್ಮನ್ನು ತಡೆಯಲಿಲ್ಲ. ಮಗುವಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡೆ.

ಸಹಿಯ ಚಿಂತೆ ಬಿಡಿ. ಅದನ್ನು ನಾನು ಹಾಕಿದ್ದೇನೆ. ಏನಾದರೂ ಆದರೆ ಅದು ನನ್ನ ತಲೆಯ ಮೇಲಿರಲಿ, ನಿಮ್ಮ ಮೇಲೆ ಬೇಡ.

ಮಾದು ನಿನ್ನೆ ಬಂದಿದ್ದ. ‘ಅಕ್ಕೋ, ಅಣ್ಣ ಫ್ಯಾಕ್ಟ್ರಿಗೂ ಬತ್ತಿಲ್ಲ ಕಣಕ್ಕ. ಗುಂಜಾನರಸಿಂಹಸ್ವಾಮಿ ಗುಡಿ ತಾವ ಒಳೆ ನೋಡ್ಕಂಡು ಕೂತವ್ರೆ. ಮಾತಾಡ್ಸುದ್ರೆ ಎದ್ದು ಅತ್ಲಾಗೆ ಓಯ್ತರೆ’ ಎಂದ. ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆಯೇ ಅಲ್ಲಿಗೆ ಬರುವುದು. ಅಲ್ಲಿ ಕೂತು ಅದನ್ನೇ ನೋಡುತ್ತೀರಿ, ಇಲ್ಲಿಗೆ ಬರುವುದಕ್ಕೆ ಮಾತ್ರ ಆಗುವುದಿಲ್ಲ. ನೀವು ಕಣ್ಣು ಮುಚ್ಚಿಕೊಂಡ ಮಾತ್ರಕ್ಕೆ ಸೋಮವಾರ ನಿಲ್ಲುತ್ತದೆಯೇ?

ನೋಡಿ, ಜಗಳವಾಡುವುದಿಲ್ಲ ಎಂದವಳು ಆಡುತ್ತಿದ್ದೇನೆ. ಇನ್ನೊಂದು ಸುಳ್ಳನ್ನೂ ಇಲ್ಲೇ ಅಳಿಸಿಬಿಡುತ್ತೇನೆ. ಬನ್ನಿ ಎಂದು ಕರೆಯುವುದಕ್ಕೆ ಬರೆಯುತ್ತಿಲ್ಲ ಎಂದೆನಲ್ಲ, ಅದು ಸುಳ್ಳು. ನನಗೆ ಹೆದರಿಕೆಯಾಗುತ್ತಿದೆ ರೀ. ಅತ್ತೆಯ ಮುಂದೆ ಅಳುವ ಹಾಗಿಲ್ಲ, ಮಗಳ ಮುಂದೆ ಅಳುವ ಹಾಗಿಲ್ಲ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆ ಬಾಗಿಲ ಮುಂದೆ ನಾನು ಒಬ್ಬಳೇ ಹೇಗೆ ಕೂರಲಿ? ನೀವು ಏನೂ ಮಾಡಬೇಡಿ, ಧೈರ್ಯವನ್ನೂ ಹೇಳಬೇಡಿ, ನಿಮ್ಮ ಹತ್ತಿರ ಅದು ಇಲ್ಲವೆಂದು ನನಗೆ ಗೊತ್ತು. ಪಕ್ಕದ ಕುರ್ಚಿಯಲ್ಲಿ ಕೂತು ನಡುಗಿದರೂ ಸಾಕು.

ಅದೂ ಆಗದಿದ್ದರೆ ನಾಣ್ಯವನ್ನಾದರೂ ಕಳಿಸಿ. ಅವಳ ಹತ್ತಿರ ಇದ್ದ ಒಂದು ಧೈರ್ಯವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗುವಷ್ಟು ಕಲ್ಲು ಮನಸ್ಸು ನಿಮ್ಮದಲ್ಲ. ನೆನಪಿಗೆಂದು ತೆಗೆದುಕೊಂಡಿರಬೇಕು. ನೆನಪು ಇಟ್ಟುಕೊಳ್ಳುವ ಹೊತ್ತು ಇದಲ್ಲ. ಮಗಳು ಇನ್ನೂ ಇದ್ದಾಳೆ.

ಬಾಗಿಲಿಗೆ ಅಗುಳಿ ಹಾಕದೆ ಕಾಯುತ್ತಿರುವ,
ಪವಿತ್ರ

ಮರೆತ ಮಾತಲ್ಲ, ಈಗ ತಿಳಿದ ಮಾತು: ಕಾಗದ ಮಡಿಸಿ ಇಟ್ಟಿದ್ದೆ. ಯಾರಿಗೆ ಬರೆದೆ, ಏನು ಬರೆದೆ ಎಂದು ಅತ್ತೆ ಕೇಳಿದರು. ನಾಣ್ಯ ಕದ್ದುಕೊಂಡು ಹೋದ ನಿಮ್ಮ ಮಗನಿಗೆ ಎಂದೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. ‘ಅವ್ನು ಎತ್ಕಂಡಿಲ್ಲ ಕಣವ್ವ. ನಮ್ಮ ಮಗು ಬಂದು ಅರಿಶಿನದ ಬಟ್ಟೆ ಕೊಡಜ್ಜಿ, ಮುಡಿಪು ಎಂಗೆ ಕಟ್ಟೋದು ಅಂತು. ನಿನ್ನ ಆಪ್ರೇಸನ್‌ಗಾ ಅಂದೆ. ಇಲ್ಲ, ಅಪ್ಪ ವಾಪಸ್ ಬರ್ಲಿ ಅಂತ, ಅಂತು. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಆಕುಸ್ಕತ್ತು’ ಎಂದರು. ಹೊರಟ ದಿನ ನೀವು ಸ್ನಾನಕ್ಕೆ ಹೋಗಿದ್ದಾಗ ಬ್ಯಾಗಿನ ಒಳಜೇಬಿಗೆ ಹಾಕಿದ್ದಾಳೆ. ಬಾಗಿಲಲ್ಲಿ ನಿಂತಾಗ ಅವಳಿಗೆ ಎಲ್ಲ ಗೊತ್ತಿತ್ತು. ಮುಡಿಪು ಒಪ್ಪಿಸಿದರೆ ಹುಂಡಿಗೆ ಹೋಗುತ್ತದೆ, ಆಲ್ಬಮ್ಮಿಗೆ ಮತ್ತೆ ಬರುವುದಿಲ್ಲ ಎಂದು ಅತ್ತೆ ಹೇಳಿದರಂತೆ. ಗೊತ್ತು ಎಂದಳಂತೆ. ಬ್ಯಾಗಿನ ಒಳಜೇಬು ನೋಡಿ. ಗಂಟು ಬಿಚ್ಚಬೇಡಿ. ಯಾರ ಹೆಸರಿನಲ್ಲಿ ಕಟ್ಟಿದ್ದೋ ಅವರೇ ತಂದು ನಂಜುಂಡನಿಗೆ ಒಪ್ಪಿಸಬೇಕಂತೆ. ಮಾದು ಕೈಯಲ್ಲಿ ಕಳಿಸಬೇಡಿ.