ಹೊಳಿ ದಾಟದ ನೇಮ

೧ ಜುಲೈ ೧೯೩೬, ಗೋಕಾಕ
ಇವತ್ತೂ ಅದ. ಅಂಗಡಿ ಬಾಗಲಾ ತಗದು ಕಸಾ ಹೊಡಿಯೂದ್ರಾಗ ಅಣ್ಣನ ಮಗ ಬಾಬಾಸಾಹೇಬ ಹಾಜರ. ವಿಲಾಯತಿಯಿಂದ ಬಂದು ತಿಂಗಳಾತು, ಬೂಟು ಇನ್ನೂ ಕಳದಿಲ್ಲ. ಪರೀಕ್ಷಾ ಪಾಸಾಗಲಿಲ್ಲ, ವಿಮಾನ ಹತ್ತ್ಯಾನಂತ! “ಕಾಕಾ, ಲಂಡನ್ನಿಂದ ಪ್ಯಾರಿಸ್ ಇನ್ನೂರಾ ಇಪ್ಪತ್ತೈದು ಮೈಲ್ರಿ. ರೈಲು, ಹಡಗ ಹಿಡದ್ರ ಏಳು ತಾಸು. ವಿಮಾನದಾಗ ಎರಡೂವರಿ!” ಗಿರಾಕಿ ಬಾಯಿ ತಕ್ಕೊಂಡು ಕೇಳ್ತಾರ. ಹೋಗಿ ಏನ್ ಮಾಡಿದ್ಯೋ ಅಂದೆ. “ಕಾಫಿ ಕುಡದೆ.” ಥೂ! ಸಪ್ಪಳಕ್ಕ ಕಿವ್ಯಾಗ ಹತ್ತಿ ತುರಕೊಂಡು ಕುಂದರ್ತಾರಂತ ಅದರಾಗ. ನನಗ ಇಲ್ಲೇ ತುರಕೊಳ್ಳೂ ಪಾಳಿ ಬಂದೈತಿ.

೩ ಜುಲೈ
ಚಾತುರ್ಮಾಸ ಸುರು. ಬಸದ್ಯಾಗ ಮುನಿ ಮಹಾರಾಜರ ಮುಂದ ಒಬ್ಬೊಬ್ರೂ ಒಂದೊಂದು ನೇಮ ತಗೊಂಡ್ರು. ಒಬ್ಬಾಂವ ತುಪ್ಪ ಬಿಟ್ಟ, ಒಬ್ಬಾಂವ ಬೆಲ್ಲ. ಅಲ್ಲೂ ಆ ಶಾಣ್ಯಾ ಪ್ಯಾರಿಸ್ ಪುರಾಣ ಹಚ್ಚಿದ್ದ. ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. ಅವಗ ಕೇಳೂವಂಗ ಅಂದೆ — ದೀಪಾವಳಿ ತನಕ ಘಟಪ್ರಭಾ ಹೊಳಿ ದಾಟೂದಿಲ್ಲ. ಎಲ್ಲಾರೂ ಜೈ ಅಂದ್ರು. ಅವನ ಮಾರಿ ನೋಡಬೇಕಿತ್ತು!

೫ ಜುಲೈ
ಹೊಳಿ ಆಚಿ ಕಲ್ಲೋಳಿಗೂ ಸುದ್ದಿ ಮುಟ್ಟೇತಿ. “ನಮ್ಮ ಜಿನಪ್ಪ ಹೊಳಿ ದಾಟೂದಿಲ್ಲಂತ ನೇಮ ಹಿಡದಾನ” — ಪದ್ಮಕ್ಕ ಓಣಿ ಓಣಿ ಹೇಳ್ಕೋಂತ ಅಡ್ಡಾಡಾಕತ್ತಾಳಂತ. ತಾಯಿ ಸತ್ತ ಮ್ಯಾಲ ನನ್ನ ಸಾಕಿದ ಅಕ್ಕ. ಸಣ್ಣಾಂವ ಇದ್ದಾಗ ಅಕಿಗೆ ಅವ್ವಾ ಅಂತಿದ್ದೆ. ಭಾಳ ಖುಷಿ ಆತು.

೯ ಆಗಸ್ಟ್
ಪದ್ಮಕ್ಕಗ ವಿಷಮಜ್ವರ. ಡಾಕ್ಟರ್ ಕೈ ಚೆಲ್ಲ್ಯಾನ. ಗಾಡ್ಯಾಗ ಹಾಕಿ ಇಲ್ಲಿಗೆ ತರೂವಂಗಿಲ್ಲ.
ಬಾಬಾಸಾಹೇಬ ಯಾರದೋ ಮೋಟಾರ್ ತಂದು ಬಾಗಲಕ್ಕ ಹಚ್ಚಿದ. “ಎಂಟ ಮೈಲು ಕಾಕಾ. ಅರ್ಧಾ ತಾಸು. ಬರ್ರಿ.” ನನಗ ತಾಸಿನ ಲೆಕ್ಕಾ ಕಲಿಸ್ತಾನ, ಫೇಲಾದಾಂವ! ನೇಮ ಐತಿ ಅಂದೆ.
“ಅದನ್ನ ದೇವರ ಸಲುವಾಗಿ ತಗೊಂಡ್ರ್ಯೋ, ನನ್ನ ಸಲುವಾಗ್ಯೋ?”
ಕಪಾಳಕ್ಕ ಬಿಡಾಕ ಕೈ ಎತ್ತಿದೆ… ಖರೇನ ಅಂದಿದ್ದ, ಹಲ್ಕಟ್. ಒಬ್ಬನ ಹೋದ.

೧೧ ಆಗಸ್ಟ್, ಮುಂಜಾನಿ
ಎರಡ ದಿನ ಅನ್ನ ಸೇರಿಲ್ಲ. ಅಂವ ಮತ್ತ ಬಂದು ನಿಂತಾನ. ಅಕ್ಕ ಇವತ್ತೋ ನಾಳ್ಯೋ ಅಂತ.
ಸುಡ್ಲಿ. ಮುರದ್ರ ಮುರೀಲಿ ನೇಮ. ಆ ಬೂಟಿನವನ ಬಾಜೂಕ ಕುಂದ್ರೂ ಹಣೇಬಾರ ಬಂತು. ಹೊಂಟೆ.

ಅದ ದಿನ, ಕಲ್ಲೋಳಿ
ಹೊಳಿ ದಾಟೂ ಮುಂದ ಕಣ್ಣ ಮುಚ್ಚಿಕೊಂಡೆ. ನಾಚಿಕಿ.
ಅಕ್ಕಗ ಎಚ್ಚರ ಇತ್ತು. ಗುರ್ತ ಹಿಡದ್ಲು. ನಗಲಿಲ್ಲ.
“ಜಿನ್ಯಾ… ಹೊಳಿ ದಾಟಿ ಬಂದೇನೋ?”
“ಹೂಂ ಅಕ್ಕಾ. ನಿನ್ನ ನೋಡಾಕ.”
“ನೇಮ?”
ಹಾಸಿಗಿ ಬಾಜೂಕ ಕುಂತೆ.
“ಊರಿಗೆಲ್ಲಾ ಹೇಳಿದ್ನಲ್ಲೋ…”
ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು. ಬಾಬಾಸಾಹೇಬ ಹೊರಗ ಕಟ್ಟಿ ಮ್ಯಾಲ ಕುಂತು ಅಳಾಕತ್ತಾನ. ಅಳ್ಲಿ.
ಅಕ್ಕನ್ನ ಕರದೆ. ಹೊಳ್ಳಿ ನೋಡಲಿಲ್ಲ. ಕಾಲು ಹಿಡದೆ. ಅಷ್ಟ ಜ್ವರದಾಗೂ ಕಾಲು ಜಗ್ಗಿಕೊಂಡ್ಲು.
ಉಸಿರಾಟ ಬ್ಯಾರೆ ಆಗೇತಿ. ಇನ್ನೊಮ್ಮೆ ಕರೀತೇನಿ. ಅಕ್ಕಾ ಅಂತ ಅಲ್ಲ, ಸಣ್ಣಾಂವ ಇದ್ದಾಗ ಕರೀತಿದ್ದೆನಲ್ಲ, ಹಂಗ —