ಪ್ರಶಸ್ತಿ ಪಡೆದ ಲಾಂಡ್ರಿಯಲ್ಲಿ ಗ್ಲೆನಿಸ್‌ಳ ಪಾಳಿ

ಮಾನ್ಯ ಅಧ್ಯಕ್ಷರೇ,

ತಮ್ಮ ಮಂಡಳಿ ಈ ವರ್ಷ ‘ಸಿಬ್ಬಂದಿಯ ಕಾಳಜಿಯಲ್ಲಿ ಅತ್ಯುತ್ತಮ ಮಧ್ಯಮ ಗಾತ್ರದ ಸಂಸ್ಥೆ’ ಎಂಬ ಪ್ರಶಸ್ತಿಯನ್ನು ನಾನು ದುಡಿಯುವ ಲಾಂಡ್ರಿಗೆ ಕೊಟ್ಟಿದೆ. ಕೊಡಬಾರದಿತ್ತು. ಇದನ್ನು ತಮಗೆ ಖಾಸಗಿಯಾಗಿ ಎರಡು ಸಲ ಬರೆದು ತಿಳಿಸಿದೆ. ಎರಡು ಸಲವೂ ‘ತಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಉತ್ತರ ನಾನು ಚಹಾದ ಲೋಟ ಎತ್ತುವುದರೊಳಗೆ ಬಂತು. ಅಷ್ಟು ವೇಗವಾಗಿ ಓದಬಲ್ಲ ಮನುಷ್ಯರನ್ನು ನಾನು ಕಂಡಿಲ್ಲ. ಆದ್ದರಿಂದ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಹೋಬಾರ್ಟ್ ನಗರದ ಆಸ್ಪತ್ರೆ, ಹೋಟೆಲು, ವೃದ್ಧರ ಆರೈಕೆ ಮನೆಗಳ ಬಟ್ಟೆ ಒಗೆಯುವ ಕಾರ್ಖಾನೆ. ನಾನಿರುವುದು ಮಡಿಸುವ ವಿಭಾಗದಲ್ಲಿ. ನಮ್ಮಂಥ ಕಂಪನಿಗಳ ಪಾಡು ತಮಗೆ ಗೊತ್ತಿರಲೇಬೇಕು, ತಮ್ಮ ಮಂಡಳಿ ಇರುವುದೇ ಅದಕ್ಕಾಗಿ. ಮಾಲೀಕ ಎಲ್ಲರ ಹೆಸರು ಹಿಡಿದು ಕರೆಯುವಷ್ಟು ಚಿಕ್ಕದಲ್ಲ. ಪ್ರತಿ ಮಹಡಿಯಲ್ಲೊಬ್ಬ ಅಧಿಕಾರಿಯನ್ನು ಕೂರಿಸುವಷ್ಟು ದೊಡ್ಡದೂ ಅಲ್ಲ. ಇಂಥ ಕಡೆ ಸಿಬ್ಬಂದಿಯ ಕಾಳಜಿ ಎಂಬುದು ಒಬ್ಬರ ತಲೆಯ ಮೇಲೆ ನಿಂತಿರುತ್ತದೆ. ನಮ್ಮಲ್ಲಿ ಆ ತಲೆ ನೊರೀನ್ ಟಿಲ್‌ಯಾರ್ಡ್ ಅವರದಾಗಿತ್ತು. ಸಂಬಳದ ಲೆಕ್ಕ ಬರೆಯಲು ಬಂದವರು ಅವರು. ಯಾರ ಮಗುವಿಗೆ ಉಬ್ಬಸ, ಯಾರ ಗಂಡ ಮನೆಬಿಟ್ಟು ಹೋದ, ಯಾರು ಇಂಗ್ಲಿಷ್ ಓದಲು ಬಾರದೆ ಹೊಟ್ಟೆನೋವೆಂದು ಸುಳ್ಳು ಹೇಳುತ್ತಾರೆ, ಎಲ್ಲವೂ ಅವರಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಕಷ್ಟ ಹೇಳಿಕೊಂಡರೆ, “ಹಾಳಾದವಳೇ, ಮೊದ್ಲೇ ಹೇಳೋಕೇನಾಗಿತ್ತು?” ಎಂದು ಬೈದು ಪಾಳಿ ಬದಲಿಸಿ ಕಳಿಸುತ್ತಿದ್ದರು. ಬೈಗುಳಕ್ಕೆ ಪ್ರಶಸ್ತಿಯಿಲ್ಲ, ಗೊತ್ತು.

ವಿಂಗಡಿಸುವ ವಿಭಾಗದ ಗ್ಲೆನಿಸ್ ಪೈಬಸ್‌ಗೆ ಬೆಳಗಿನ ಪಾಳಿ ಕೊಟ್ಟವರೂ ನೊರೀನೇ. ಗ್ಲೆನಿಸ್‌ಳ ಗಂಡ ರೋಲಿ ಕಾಡಿನ ದಿಮ್ಮಿ ಸಾಗಿಸುವ ಲಾರಿಯ ಚಾಲಕನಾಗಿದ್ದವನು. ಅರವತ್ತು ದಾಟುವ ಮೊದಲೇ ಮರೆವಿನ ಕಾಯಿಲೆ ಹಿಡಿಯಿತು. ಪಕ್ಕದ ಮನೆಯಾಕೆ ಬೆಳಗ್ಗೆ ರೋಲಿಯ ಜೊತೆ ಕೂರುತ್ತಿದ್ದಳು. ಮಧ್ಯಾಹ್ನ ಅವಳು ತನ್ನ ಬೇಕರಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಗ್ಲೆನಿಸ್ ಮನೆ ಸೇರುತ್ತಿದ್ದಳು. ಇಷ್ಟೇ ವ್ಯವಸ್ಥೆ. ಕಂಪನಿಗೆ ಚಿಕ್ಕಾಸಿನ ಖರ್ಚಿರಲಿಲ್ಲ.

ಆಮೇಲೆ ನಮಗೆ ಸುಧಾರಣೆ ಬಂತು. ಮೆಲ್ಬರ್ನಿನಿಂದ ಸಲಹೆಗಾರರು ಬಂದರು, ತಮ್ಮ ಮಂಡಳಿಯ ಮಾದರಿ ಕೈಪಿಡಿಯನ್ನು ಬಗಲಲ್ಲಿ ಹಿಡಿದೇ ಬಂದರು. ನೊರೀನ್‌ಗೆ ಕೇಕು ಕತ್ತರಿಸಿ ನಿವೃತ್ತಿ ಕೊಟ್ಟರು. ಆ ಜಾಗಕ್ಕೆ ಪಾಳಿ ಹಂಚುವ ಒಂದು ಮೊಬೈಲ್ ಆಪ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಒಂದು ಉಚಿತ ದೂರವಾಣಿ ಸಂಖ್ಯೆ ಮತ್ತು ಮಂಗಳವಾರ ಮಾತ್ರ ಬರುವ ಮಾನವ ಸಂಪನ್ಮೂಲ ಮ್ಯಾನೇಜರ್. ಆಕೆ ಕೆಟ್ಟವಳೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೇರೆ ಬೇರೆ ಊರುಗಳ ನಾಲ್ಕು ಘಟಕಗಳನ್ನು ಆಕೆಯ ಕೊರಳಿಗೆ ಕಟ್ಟಿದ್ದರು. ಪಾಳಿ ಬದಲಿಸುವ ಅಧಿಕಾರ ಮಾತ್ರ ಆಕೆಗೂ ಇರಲಿಲ್ಲ, ಅದು ಆಪ್‌ನದು.

ಆಪ್ ಮಾಡಿದ ಮೊದಲ ಕೆಲಸ ಗ್ಲೆನಿಸ್‌ಳನ್ನು ಮಧ್ಯಾಹ್ನದ ಪಾಳಿಗೆ ಹಾಕಿದ್ದು. ಮನೆಯಲ್ಲಿ ರೋಗಿಯಿದ್ದರೆ ಪಾಳಿ ಬದಲಿಸಿ ಎಂದು ಕೇಳುವ ಹಕ್ಕು ಕಾನೂನಿನಲ್ಲಿದೆ. ಮಾಲೀಕರು ಕೂತು ಮಾತಾಡಬೇಕು ಎಂದೂ ಇದೆ. ಅವಳು ಕೇಳಿದಳು. ಯಾರೂ ಕೂರಲಿಲ್ಲ, ಮಾತಾಡಲೂ ಇಲ್ಲ. ‘ಕಾರ್ಯಾಚರಣೆಯ ಅಗತ್ಯಗಳಿಗೆ ಹೊಂದುವುದಿಲ್ಲ’ ಎಂದು ಫೋನು ಗುಂಯ್‌ಗುಟ್ಟಿತು. ಇಸ್ತ್ರಿ ವಿಭಾಗದ ಸಾವಿತ್ರಾ ತಾನಾಗಿ ಮುಂದೆ ಬಂದಳು. ನೇಪಾಳದ ಕಡೆಯವಳು, ಗ್ಲೆನಿಸ್‌ಳನ್ನು ದೀದಿ ಎನ್ನುತ್ತಾಳೆ.

“ದೀದಿ, ನನ್ನ ಬೆಳಗಿನ ಪಾಳಿ ನೀವು ತಗೊಳ್ಳಿ. ಮಧ್ಯಾಹ್ನ ನಾನು ಬರ್ತೀನಿ. ನನಗೇನು, ಮನೇಲಿ ಅತ್ತೆ ಇದ್ದಾರೆ.”

“ನಿಜವಾಗ್ಲೂನಾ? ನೋಡು, ಆಮೇಲೆ ಅತ್ತೆ ನನ್ನ ಮೇಲೆ ಬಂದ್ರೆ?”

“ಬರ್ಲಿ ಬಿಡಿ. ನನ್ನ ಮೇಲೆ ದಿನಾ ಬರ್ತಾರೆ, ಒಂದಿನ ನೀವೂ ರುಚಿ ನೋಡಿ.”

ನಕ್ಕರು. ಆಪ್ ನಗಲಿಲ್ಲ. ಇಬ್ಬರ ‘ಕೌಶಲ ವರ್ಗ’ ಬೇರೆಯಂತೆ, ಅದಲುಬದಲು ಸಾಧ್ಯವಿಲ್ಲವಂತೆ. ಒಬ್ಬಳು ಕೊಳೆಯಾದ ಚಾದರ ಎತ್ತುವವಳು, ಇನ್ನೊಬ್ಬಳು ತೊಳೆದ ಚಾದರ ಎತ್ತುವವಳು. ಇವರಿಬ್ಬರ ನಡುವಿನ ಕಂದಕವನ್ನು ಕಂಡುಹಿಡಿಯಲು ಮೆಲ್ಬರ್ನಿನಿಂದಲೇ ಜನ ಬರಬೇಕಾಯಿತು.

ಅದೇ ಆಪ್ ದಿನವೂ ಬೆಳಗ್ಗೆ ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂದು ಕೇಳಿ ಐದು ಮುಖಗಳನ್ನು ತೋರಿಸುತ್ತದೆ. ಗ್ಲೆನಿಸ್ ಅಳುವ ಮುಖ ಒತ್ತಿದಳು. ಅದು ದೀರ್ಘವಾಗಿ ಉಸಿರೆಳೆದುಕೊಂಡು ನೀರು ಕುಡಿಯಲು ಹೇಳಿತು. ಉಚಿತ ಸಂಖ್ಯೆಗೂ ಕರೆ ಮಾಡಿದಳು, ನಾನು ಪಕ್ಕದಲ್ಲೇ ಇದ್ದೆ.

“ನನ್ನ ಪಾಳಿ ಬದಲಾಯಿಸೋಕೆ ನಿಮ್ಮ ಕೈಲಾಗುತ್ತಾ?” ಎಂದು ಕೇಳಿದಳು.

“ಅದು ನಮ್ಮ ಕೈಲಿಲ್ಲ. ಆದ್ರೆ ಈ ಪರಿಸ್ಥಿತಿ ನಿಮ್ಮಲ್ಲಿ ಯಾವ ಭಾವನೆ ಮೂಡಿಸ್ತಿದೆ ಅಂತ ಹೇಳ್ತೀರಾ?”

“ಪಾಳಿ ಬದಲಾಯಿಸ್ಬೇಕು ಅನ್ನೋ ಭಾವನೆ ಕಣಮ್ಮ” ಎಂದು ಇಟ್ಟುಬಿಟ್ಟಳು.

ಬೇರೆ ದಾರಿ ಕಾಣದೆ ಅವಳು ರೋಲಿಯನ್ನು ಕೆಲಸಕ್ಕೆ ಕರೆತರತೊಡಗಿದಳು. ಚಹಾ ಕೋಣೆಯ ಮೂಲೆಯಲ್ಲಿ, ಹೀಟರಿನ ಹತ್ತಿರ, ಕೂರಿಸುತ್ತಿದ್ದಳು. ಅವನಿಂದ ಯಾರಿಗೂ ತೊಂದರೆಯಿರಲಿಲ್ಲ. ನಾವು ಸರದಿಯಂತೆ ಹೋಗಿ ನೋಡಿಬರುತ್ತಿದ್ದೆವು. ಬಿಸ್ಕತ್ತು ಕೊಟ್ಟರೆ, “ರಸ್ತೆ ಹೇಗಿದೆ ಅತ್ಲಾಗೆ? ಮಂಜು ಬಿದ್ದಿದ್ಯಾ?” ಎಂದು ಕೇಳುತ್ತಿದ್ದ. “ಸ್ವಲ್ಪ ಜಾರತ್ತೆ, ನಿಧಾನ ಹೋಗಪ್ಪ” ಎಂದರೆ ಸಮಾಧಾನ.

ಚಳಿ ಕೊರೆಯುವ ಜುಲೈ ತಿಂಗಳಲ್ಲಿ ಒಂದು ದಿನ, ಬೆಟ್ಟದ ತುಂಬ ಹಿಮ, ಯಂತ್ರವೊಂದು ಕೆಟ್ಟು ಎಲ್ಲರೂ ಕೆಲಸದಲ್ಲಿ ಮುಳುಗಿದ್ದೆವು. ಗ್ಲೆನಿಸ್ ಚಹಾ ಕೋಣೆಗೆ ಹೋದಾಗ ಕುರ್ಚಿ ಖಾಲಿ. ಶೌಚಾಲಯದಲ್ಲಿಲ್ಲ, ಅಂಗಳದಲ್ಲಿಲ್ಲ, ಗೇಟಿನಲ್ಲಿಲ್ಲ. ಅಧ್ಯಕ್ಷರೇ, ತಾವು ನಮ್ಮ ಒಗೆಯುವ ಯಂತ್ರವನ್ನು ನೋಡಿಲ್ಲ. ಅದು ಸುರಂಗದಂತಿದೆ, ಬಟ್ಟೆಯ ಗಂಟುಗಳು ಚಲಿಸುವ ಪಟ್ಟಿಯ ಮೇಲೆ ಮೇಲೇರಿ ಅದರ ಬಾಯಿಗೆ ಬೀಳುತ್ತವೆ. ಗ್ಲೆನಿಸ್ ಆ ಪಟ್ಟಿಯ ಬುಡದಲ್ಲಿ ನಿಂತು ಮೇಲೆ ನೋಡಿದಳು. ಅವಳು ಏನು ಯೋಚಿಸಿದಳೋ ಅದನ್ನೇ ನಾವೆಲ್ಲರೂ ಯೋಚಿಸಿದೆವು. “ನಿಲ್ಸೇ ಡೆಸ್ಲಿ! ನಿಲ್ಸೇ!” ಎಂದು ಅವಳು ಕಿರುಚಿದ ದನಿ ನನಗೆ ಈಗಲೂ ಕೇಳುತ್ತದೆ. ನಾನು ಓಡಿಹೋಗಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ. ಇಡೀ ಕಾರ್ಖಾನೆ ನಿಶ್ಶಬ್ದವಾಯಿತು. ಮೇಲ್ವಿಚಾರಕ ಓಡಿಬಂದು ಕೇಳಿದ ಮೊದಲ ಮಾತು: “ಯಾರು ನಿಲ್ಸಿದ್ದು?”

ಸುರಂಗದಲ್ಲಿ ಅವನಿರಲಿಲ್ಲ. ಒಂದು ಗಂಟೆ ದಾರಿಯ ಓಟ್‌ಲ್ಯಾಂಡ್ಸ್ ಊರಿನಿಂದ ನಮ್ಮ ಲಾರಿ ಚಾಲಕ ಡ್ಯಾರಿಲ್ ಫೋನ್ ಮಾಡಿದ. ಲಾನ್ಸೆಸ್ಟನ್ನಿಗೆ ಬಟ್ಟೆ ಒಯ್ಯುವ ಲಾರಿ ಅವನದು. ಒಳಗಿನಿಂದ ಯಾರೋ ಗುದ್ದುವ ಸದ್ದು ಕೇಳಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದರೆ, ಕತ್ತಲಲ್ಲಿ, ಉರುಳಿದ ತಳ್ಳುಗಾಡಿಗಳ ನಡುವೆ ರೋಲಿ. ಹಣೆ ಒಡೆದು ರಕ್ತ, ಪ್ಯಾಂಟು ಒದ್ದೆ, ಚಳಿಗೆ ಹಲ್ಲು ಕಟಕಟ. ಸರಕು ತುಂಬುವಾಗ ತನ್ನದೇ ಲಾರಿಯೆಂದುಕೊಂಡು ಹಿಂದೆ ಹತ್ತಿಬಿಟ್ಟಿದ್ದ.

“ನನ್ನನ್ನ ಬೈದ ಕಣೇ” ಎಂದ ಡ್ಯಾರಿಲ್, ಆಮೇಲೆ. “‘ಲೋಡ್ ಸರಿಯಾಗಿ ಕಟ್ಟೋಕೆ ಬರಲ್ವೇನೋ ನಿನಗೆ?’ ಅಂದ. ‘ತಪ್ಪಾಯ್ತು ಗುರುವೇ’ ಅಂದೆ. ಇನ್ನೇನು ಹೇಳ್ಲಿ?” ಆಸ್ಪತ್ರೆಗೆಂದು ತೊಳೆದು ಮಡಿಸಿದ್ದ ಹೊದಿಕೆಗಳನ್ನೆಲ್ಲ ಬಿಚ್ಚಿ ರೋಲಿಗೆ ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಲಾರಿ ತಿರುಗಿಸಿ ಬಂದ. ಆ ದಿನ ಸರಕು ತಡವಾದದ್ದಕ್ಕೆ ಅವನಿಗೂ ನೋಟೀಸು ಬಂತು.

ಗ್ಲೆನಿಸ್‌ಳನ್ನು ವಿಚಾರಣೆಗೆ ಕರೆದರು. ಆಸರೆಗೊಬ್ಬರನ್ನು ಕರೆತರಬಹುದು ಎಂಬ ನಿಯಮವಿದ್ದುದರಿಂದ ನಾನು ಹೋದೆ. ಅನುಮತಿಯಿಲ್ಲದ ವ್ಯಕ್ತಿಯನ್ನು ಕಾರ್ಖಾನೆಗೆ ತಂದದ್ದು ಆರೋಪ. ಎಚ್ಚರಿಕೆ ಪತ್ರವನ್ನು ಮೇಜಿನ ಮೇಲೆ ತಳ್ಳಿ ಅದೇ ಮಂಗಳವಾರದ ಮ್ಯಾನೇಜರ್ ಹೇಳಿದರು: “ಇದನ್ನ ಶಿಕ್ಷೆ ಅಂದ್ಕೋಬೇಡಿ ಗ್ಲೆನಿಸ್. ಇದು ನಿಮ್ಮ ಬೆಂಬಲಕ್ಕೇ ಇರೋ ಪ್ರಕ್ರಿಯೆ.”

ಗ್ಲೆನಿಸ್ ಪತ್ರವನ್ನು ಹಾಗೇ ಹಿಂದಕ್ಕೆ ತಳ್ಳಿದಳು. “ಬೆಂಬಲ ಅಂದ್ರೆ ಒರಗಿದ್ರೆ ತಡ್ಕೋಬೇಕಮ್ಮ. ನಾನು ಒರಗಿದೆ, ಹಿಂದೆ ಏನೂ ಇರ್ಲಿಲ್ಲ.”

ಮ್ಯಾನೇಜರರ ಕಣ್ಣು ತುಂಬಿತು. “ನನಗೆ ಪಾಳಿ ಬದಲಾಯಿಸೋ ಅಧಿಕಾರ ಇಲ್ಲ” ಎಂದರು, ತೀರ ಮೆಲ್ಲಗೆ. ನಾನು ನಂಬಿದೆ. ಆದರೆ ಎಚ್ಚರಿಕೆ ಕೊಡುವ ಅಧಿಕಾರ ಇತ್ತಲ್ಲ? ಹಿಡಿದೆತ್ತುವ ಕೈಯನ್ನು ಕಟ್ಟಿಹಾಕಿ ತಳ್ಳುವ ಕೈಯನ್ನು ಮಾತ್ರ ಬಿಟ್ಟ ಆ ವ್ಯವಸ್ಥೆಯನ್ನು ಬರೆದವರು ಯಾರು? ತಮ್ಮ ಕೈಪಿಡಿಯನ್ನು ಒಮ್ಮೆ ತಿರುವಿಹಾಕಿ.

ಗ್ಲೆನಿಸ್ ಆ ವಾರವೇ ಕೆಲಸ ಬಿಟ್ಟಳು. ಬಿಟ್ಟು ಒಬ್ಬಳೇ ನಿಭಾಯಿಸಲು ನೋಡಿದಳು, ಬೆನ್ನು ಸೋತಿತು. ರೋಲಿ ಈಗ ನ್ಯೂ ಟೌನ್ ಬಡಾವಣೆಯ ಒಂದು ಆರೈಕೆ ಮನೆಯಲ್ಲಿದ್ದಾನೆ. ಅವಳು ದಿನವೂ ಹೋಗುತ್ತಾಳೆ. ಯಾರೋ ಹೋಟೆಲಿನಾಕೆ ಎಂದುಕೊಂಡು ಅವನು ಅವಳಿಗೆ ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ತರಲು ಹೇಳುತ್ತಾನೆ, ಅವಳು ತಂದುಕೊಡುತ್ತಾಳೆ. ಮನೆಯಲ್ಲೇ ಇದ್ದಿದ್ದರೆ ಇನ್ನೊಂದಷ್ಟು ಕಾಲ ತನ್ನ ಹೆಸರು ಅವನಿಗೆ ನೆನಪಿರುತ್ತಿತ್ತೇನೋ ಎನ್ನುತ್ತಾಳೆ. ಇರುತ್ತಿತ್ತೋ ಇಲ್ಲವೋ, ವೈದ್ಯರಿಗೂ ಗೊತ್ತಿಲ್ಲ. ಆ ಅನುಮಾನವನ್ನು ಅವಳ ಪಾಲಿಗೆ ಉಳಿಸಿದವರು ನಾವು.

ಅವಳು ಲಾಕರ್ ಖಾಲಿ ಮಾಡಿ ಹೋದ ಕೆಲವೇ ದಿನಗಳಲ್ಲಿ ತಮ್ಮ ಪ್ರಶಸ್ತಿ ಬಂತು. ಚಹಾ ಕೋಣೆಯಲ್ಲಿ, ಅದೇ ಹೀಟರಿನ ಮೇಲೆ, ಚೌಕಟ್ಟು ಹಾಕಿ ನೇತುಹಾಕಿದ್ದಾರೆ. ‘ನೌಕರರ ಮನಸ್ಸಿನ ಮಾತು ಆಲಿಸುವ ನವೀನ ತಂತ್ರಜ್ಞಾನಕ್ಕಾಗಿ’ ಎಂದು ಅದರಲ್ಲಿದೆ. ಮಾನ್ಯರೇ, ಆಲಿಸಿದವರು ಯಾರು? ತಮ್ಮ ತೀರ್ಪುಗಾರರು ಬಂದ ದಿನ ನಾನು ಕೆಲಸದಲ್ಲೇ ಇದ್ದೆ. ಆಫೀಸಿನಲ್ಲಿ ಪರದೆಯ ಮೇಲೆ ಚಿತ್ರ ನೋಡಿದರು, ಸ್ಯಾಂಡ್‌ವಿಚ್ ತಿಂದರು, ಗಾಜಿನಾಚೆಯಿಂದ ನಮಗೆ ಕೈಬೀಸಿದರು. ನಾವೂ ಬೀಸಿದೆವು. ಬಾಗಿಲು ತಳ್ಳಿ ಒಳಗೆ ಬರಲು ಯಾರೂ ಅಡ್ಡಿ ಮಾಡಿರಲಿಲ್ಲ.

ನನ್ನ ಬೇಡಿಕೆ ಇಷ್ಟು. ಆ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಿರಿ. ಇನ್ನು ಮುಂದೆ ಯಾವ ಕಂಪನಿಗೆ ಕೊಡುವ ಮೊದಲೂ ಮಾಲೀಕರನ್ನೂ ಮ್ಯಾನೇಜರರನ್ನೂ ಹೊರಗೆ ನಿಲ್ಲಿಸಿ, ಕೆಲಸಗಾರರ ಜೊತೆ ಕೂತು ಒಂದೇ ಒಂದು ಪ್ರಶ್ನೆ ಕೇಳಿ: ನಾಳೆ ನಿಮ್ಮ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ನಾಳೆಯೇ ನಿಮ್ಮ ಪಾಳಿ ಬದಲಿಸಬಲ್ಲ ಮನುಷ್ಯ ಇಲ್ಲಿ ಯಾರು, ಎಲ್ಲಿ ಕೂರುತ್ತಾರೆ? ಅವರು ಎದ್ದು ಒಂದು ಬಾಗಿಲು ತೋರಿಸಿದರೆ ಪ್ರಶಸ್ತಿ ಕೊಡಿ. ಜೇಬಿನಿಂದ ಫೋನು ತೆಗೆದು ತೋರಿಸಿದರೆ ಎದ್ದು ಬನ್ನಿ.

ಇಂತಿ,
ಈ ಪತ್ರ ಅಚ್ಚಾಗುವ ತನಕವಾದರೂ ಕೆಲಸದಲ್ಲಿರುವ,
ಡೆಸ್ಲಿ ಗ್ರೂಮ್‌ಬ್ರಿಜ್
ಮಡಿಸುವ ವಿಭಾಗ