ಮರುಳಸಿದ್ದಪ್ಪನ ಮನೆಯಲ್ಲಿ ಓದಿದ್ದು

೧೪ ಫೆಬ್ರವರಿ ೧೯೩೮, ಸೋಮವಾರ. ಹೊಸಪೇಟೆ.

ಆ ಕೆಂಪು ಬಣ್ಣ ಕಣ್ಣಿನಿಂದ ಹೋಗುತ್ತಿಲ್ಲ.

ಗೆಳೆಯ ಮರುಳಸಿದ್ದಪ್ಪ ತೀರಿಕೊಂಡ ಸುದ್ದಿ ಮದರಾಸಿನಲ್ಲಿ ನನಗೆ ಮುಟ್ಟುವ ಹೊತ್ತಿಗೆ ತಿಂಗಳಾಗಿತ್ತು. ಇವತ್ತು ಚಿತ್ತವಾಡ್ಗಿಯ ಅವನ ಮನೆಗೆ ಹೋದೆ. ಗೋಡೆಯ ಮೇಲೆ ಅವನು ಬರೆದ ಹಂಪಿಯ ಬಂಡೆಗಳ ಚಿತ್ರ. ಪಕ್ಕದಲ್ಲೇ, ಗಾಜಿನ ಕಟ್ಟು ಹಾಕಿಸಿ ವಿಭೂತಿ ಹಚ್ಚಿದ ನನ್ನ ವಿಮರ್ಶೆ! ಆರು ವರ್ಷದ ಹಿಂದೆ ಇದೇ ಚಿತ್ರದ ಬಗ್ಗೆ ಇಂಗ್ಲಿಷ್ ಪತ್ರಿಕೆಗೆ ಬರೆದದ್ದು. ‘ಇಂಥ ಕೆಂಪು ಬಂಡೆ ಭೂಮಿಯ ಮೇಲಿಲ್ಲ, ಈತ ಅಂಗಡಿಯ ಬೋರ್ಡು ಬರೆದುಕೊಂಡಿರಲಿ’ ಎಂದಿದ್ದೆ. ಚಿತ್ರ ನೋಡಿದ್ದು ಮದರಾಸಿನ ಪ್ರದರ್ಶನದಲ್ಲಿ, ವಿದ್ಯುತ್ ದೀಪದಡಿ. ಅವನು ಸಂಡೂರಿನ ಕೆಂಪು ಮಣ್ಣು ಅರೆದು ಆ ಬಣ್ಣ ಮಾಡುತ್ತಿದ್ದ. ನಾನು ಕೇಳಲೇ ಇಲ್ಲ. ಆಮೇಲೆ ಅವನು ಸಾಯುವವರೆಗೂ ಬರೀ ಬೋರ್ಡು ಬರೆದನಂತೆ.

ಅವನ ಹೆಂಡತಿ ಸುವರ್ಣಮ್ಮ ಆ ಕಟ್ಟನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

“ನನಗ ಇಂಗ್ಲಿಷ್ ಬರಂಗಿಲ್ರಿ ಅಣ್ಣಾರ. ನೀವು ಭಾಳ ಹೊಗಳಿ ಬರ್ದೀರಂತ ಅವ್ರು ಆಗಾಗ ಓದಿ ಹೇಳ್ತಿದ್ರು. ಒಂದ್ಸಲ ನೀವ ಓದ್ರಿ.”

ಅಕ್ಷರಗಳ ಕಡೆ ನೋಡಲಾಗಲಿಲ್ಲ. ಗೋಡೆಯ ಚಿತ್ರ ನೋಡುತ್ತ ಓದಿದಂತೆ ಮಾಡಿದೆ. ಬಾಗಿಲಿನಿಂದ ಸಂಜೆಯ ಬಿಸಿಲು ಬಿದ್ದು ಬಂಡೆಗಳು ಕೆಂಡದಂತೆ ಹೊತ್ತಿದ್ದವು. ಹಂಪಿಯ ಸಂಜೆಯನ್ನು ಹೀಗೆ ಕಂಡವರು ಇನ್ನೊಬ್ಬರಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಅವರು ಕಟ್ಟನ್ನು ತಿರುಗಿ ತೆಗೆದುಕೊಂಡು, ಸೆರಗಿನಿಂದ ಗಾಜು ಒರೆಸುತ್ತ ಮೆಲ್ಲಗೆ ಕೇಳಿದರು:

“ಇಷ್ಟೇ ಏನ್ರಿ? ಅವ್ರು ಓದುವಾಗ ಇನ್ನೂ ಭಾಳ ಇತ್ತು.”